ಚಳಿಯಲ್ಲಿ ಕೋಶಪೊರೆ: ಎರಡು ಎಣ್ಣೆಗಳ ಪಾಠ

ಮುಂಡರಗಿಯಲ್ಲಿ 9ನೇ ತರಗತಿಗೆ ಕೋಶಪೊರೆಯ ಪಾಠ ಮಾಡುವಾಗ ಹಿಮದ ಉದಾಹರಣೆಯನ್ನು ನಾನು ಕೈಬಿಟ್ಟೆ. ನಮ್ಮ ಎರೆ ಹೊಲದ ಹಿಂಗಾರಿ ಕಡಲೆಗೆ ತಾಗುವುದು ಮುಂಜಾನೆಯ ಚಳಿ, ಹಿಮವಲ್ಲ.

ಐಸ್ ಹಾಕಿದ ನೀರಿನಲ್ಲಿ ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆಯ ಶೀಸೆಗಳನ್ನಿಟ್ಟೆ. ಕೊಬ್ಬರಿ ಎಣ್ಣೆ ಗಟ್ಟಿಯಾಯಿತು, ಕುಸುಬಿ ಎಣ್ಣೆ ಆಗಲಿಲ್ಲ. ಕುಸುಬಿಯ ಮೇದಾಮ್ಲಗಳಲ್ಲಿ ದ್ವಿಬಂಧಗಳು ಹೆಚ್ಚು. ಅಲ್ಲಿ ಸರಪಳಿ ಬಾಗುವುದರಿಂದ ಅಣುಗಳು ಒತ್ತಾಗಿ ಕೂಡುವುದಿಲ್ಲ. ಚಳಿ ಬಿದ್ದಾಗ ಹಲವು ಸಸ್ಯಗಳಲ್ಲಿ ಡಿಸ್ಯಾಚುರೇಸ್ ಕಿಣ್ವಗಳು ಪೊರೆಯ ಮೇದಾಮ್ಲಗಳಲ್ಲೂ ಇಂಥ ದ್ವಿಬಂಧಗಳನ್ನು ಹೆಚ್ಚಿಸುತ್ತವೆ.

“ಹಂಗಾದ್ರ ಗಿಡದಾಗ ಎಣ್ಣಿ ಹರಿತೈತೇನ್ರಿ ಸರ್?” ಎಂದಳು ಒಬ್ಬ ವಿದ್ಯಾರ್ಥಿನಿ. ಪೊರೆಯೆಂದರೆ ಎಣ್ಣೆಯಲ್ಲ, ಫಾಸ್ಫೊಲಿಪಿಡ್‌ಗಳ ಎರಡು ಪದರ ಎಂದು ಹಲಗೆಯ ಮೇಲೆ ಚಿತ್ರ ಬರೆದೆ. ಪ್ರಯೋಗಕ್ಕಿಂತ ಈ ಚಿತ್ರಕ್ಕೇ ಹೆಚ್ಚು ಸಮಯ ಕೊಡಬೇಕು. ಪದರ ಬಿರುಸಾದರೆ ಅದರೊಳಗಿನ ಪ್ರೋಟೀನುಗಳ ಕೆಲಸ ಕುಂದುತ್ತದೆ, ಅಯಾನುಗಳು ಸೋರುತ್ತವೆ ಎಂಬುದು ಮಕ್ಕಳಿಗೆ ಕಾಣುವುದು ಅಲ್ಲಿಯೇ.