ದಿನಕ್ಕೊಂದು ಗುಳಿಗೆಯೋ, ವಾರಕ್ಕೊಮ್ಮೆ ಏಳೋ?

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಒಂದು ನಿರ್ನಾಳ ಗ್ರಂಥಿ. ಅದು ಸ್ರವಿಸುವ ಥೈರಾಕ್ಸಿನ್ ಎಂಬ ಹಾರ್ಮೋನು ಜೀವಕೋಶಗಳು ಆಹಾರವನ್ನು ಉರಿಸುವ ವೇಗವನ್ನು ನಿಯಂತ್ರಿಸುವುದು. ಗ್ರಂಥಿ ಸೊರಗಿದರೆ ಚಳಿ ತಡೆಯದು, ಚರ್ಮ ಒಣಗುವುದು, ನಾಡಿ ನಿಧಾನವಾಗುವುದು, ಬುದ್ಧಿಗೂ ಮಂಕು ಕವಿಯುವುದು. ೧೮೯೧ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೇ ಎಂಬ ವೈದ್ಯನು ಕುರಿಯ ಥೈರಾಯ್ಡಿನ ಸತ್ತ್ವವನ್ನು ಇಂತಹ ರೋಗಿಯೊಬ್ಬಳಿಗೆ ಚುಚ್ಚಿ ಗುಣ ಕಂಡನು. ಚಿಕಿತ್ಸೆಯ ಬಲದಿಂದ ಆಕೆ ಮುಂದೆ ೨೮ ವರ್ಷ ಬದುಕಿದಳು. ಈಗ ಕಾರ್ಖಾನೆಯಲ್ಲಿ ತಯಾರಾದ ಥೈರಾಕ್ಸಿನ್ನಿನ ಗುಳಿಗೆಯನ್ನು ರೋಗಿಗಳು ದಿನವೂ ಬರಿಹೊಟ್ಟೆಯಲ್ಲಿ ನುಂಗುತ್ತಾರೆ. ಬಹುಮಂದಿಗೆ ಇದು ಆಜೀವ ವ್ರತ. ವ್ರತವೆಂದ ಮೇಲೆ ಭಂಗವೂ ಉಂಟಷ್ಟೆ! ಮರೆತು ಮರೆತು ಮತ್ತೆ ರೋಗಕ್ಕೆ ಬೀಳುವವರಿಗೆ ಏಳು ದಿನಗಳ ಮದ್ದನ್ನು ಒಂದೇ ದಿನ ಕೊಡಬಾರದೆ?

ಪ್ರಶ್ನೆ ವೈದ್ಯಶಾಸ್ತ್ರದ್ದಾದರೂ ಅದಕ್ಕೆ ಬೇಕಾದ ಲೆಕ್ಕವನ್ನು ಭೌತಶಾಸ್ತ್ರದ ವಿದ್ಯಾರ್ಥಿ ಬಲ್ಲನು. ದೇಹದಲ್ಲಿರುವ ಥೈರಾಕ್ಸಿನ್ ಅರ್ಧಕ್ಕಿಳಿಯಲು ಸುಮಾರು ೭ ದಿನಗಳು ಹಿಡಿಯುತ್ತವೆ. ಇದು ಅದರ ಅರ್ಧಾಯು. ರೇಡಿಯಮ್ಮಿನ ಅರ್ಧಾಯುವನ್ನು ದೇಹವು ಬದಲಿಸಲಾರದು. ಥೈರಾಕ್ಸಿನ್ನನ್ನು ಕರಗಿಸುವುದಾದರೋ ದೇಹವೇ. ಆದುದರಿಂದ ಗ್ರಂಥಿ ಸೊರಗಿದವರಲ್ಲಿ ಈ ಅವಧಿ ೯-೧೦ ದಿನಗಳವರೆಗೂ ಹಿಗ್ಗುವುದು. ಲೆಕ್ಕಕ್ಕೆ ೭ನ್ನೇ ಇಟ್ಟುಕೊಳ್ಳೋಣ.

ವಾರಕ್ಕೊಮ್ಮೆ ೭೦೦ ಮೈಕ್ರೋಗ್ರಾಂ ಕೊಟ್ಟೆವೆನ್ನಿ. ಅಷ್ಟೂ ರಕ್ತಗತವಾಯಿತೆಂದು ಭಾವಿಸಿರಿ. ವಾರದ ಕೊನೆಗೆ ಉಳಿಯುವುದು ೩೫೦. ಅದಕ್ಕೆ ಮತ್ತೆ ೭೦೦ ಸೇರಿ ೧೦೫೦; ಅದರ ಅರ್ಧ ೫೨೫. ಹೀಗೆ ಗುಣೋತ್ತರ ಶ್ರೇಢಿಯಲ್ಲಿ ಮುಂದುವರಿದು ಶಿಖರವು ೧೪೦೦ರಲ್ಲಿಯೂ ತಳವು ೭೦೦ರಲ್ಲಿಯೂ ನೆಲೆಗೊಳ್ಳುವುವು. ಆರು ವಾರಗಳಲ್ಲಿ ಈ ಗುರಿಯ ನೂರಕ್ಕೆ ೯೮ ಪಾಲನ್ನು ಮುಟ್ಟಿರುತ್ತೇವೆ. ಮದ್ದಿನ ಪ್ರಮಾಣವನ್ನು ಬದಲಿಸಿದ ವೈದ್ಯರು ಆರು ವಾರ ಕಾದು ರಕ್ತಪರೀಕ್ಷೆ ಮಾಡಿಸುವುದಕ್ಕೆ ಇದೇ ಕಾರಣ. ದಿನವೂ ೧೦೦ ಮೈಕ್ರೋಗ್ರಾಂ ಕೊಟ್ಟರೆ ಶಿಖರ ಸುಮಾರು ೧೦೬೦, ತಳ ೯೬೦. ಸರಾಸರಿ ಎರಡರಲ್ಲಿಯೂ ಒಂದೇ, ಸುಮಾರು ೧೦೧೦. ಭೇದವಿರುವುದು ಏರಿಳಿತದಲ್ಲಿ ಮಾತ್ರ.

ಈ ಏರಿಳಿತವನ್ನು ದೇಹವು ತಾಳಬಲ್ಲುದೆ? ಬಹುಮಟ್ಟಿಗೆ ತಾಳಬಲ್ಲುದು. ಥೈರಾಕ್ಸಿನ್ ಒಂದು ದಾಸ್ತಾನು. ಅದರ ನಾಲ್ಕು ಅಯೊಡಿನ್ ಪರಮಾಣುಗಳಲ್ಲಿ ಒಂದನ್ನು ಕಳೆದಾಗ ದೊರೆಯುವ ಟ್ರೈಅಯೊಡೊಥೈರೊನಿನ್ ಎಂಬುದೇ ಜೀವಕೋಶಗಳಲ್ಲಿ ಮುಖ್ಯವಾಗಿ ಕೆಲಸ ಮಾಡುವುದು. ದೇಹವು ತನಗೆ ಬೇಕಾದಂತೆ ದಾಸ್ತಾನಿನಿಂದ ಇದನ್ನು ತಯಾರಿಸಿಕೊಳ್ಳುತ್ತದೆ. ಇದರ ಅರ್ಧಾಯು ಸುಮಾರು ಒಂದೇ ದಿನ. ಇದನ್ನೇ ವಾರಕ್ಕೊಮ್ಮೆ ಕೊಡಹೊರಟರೆ ಏಳನೆಯ ದಿನ ೧೨೮ರಲ್ಲಿ ಒಂದು ಪಾಲು ಮಾತ್ರ ಉಳಿದೀತು!

೧೯೯೭ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ೧೨ ರೋಗಿಗಳು ವಾರದ ಮದ್ದನ್ನು ಒಮ್ಮೆಗೇ ಸೇವಿಸಿ ತೊಂದರೆಯಿಲ್ಲದೆ ಇದ್ದರು. ಆದರೆ ರಕ್ತಪರೀಕ್ಷೆ ಪೂರ್ತಿ ಸರಿಹೋಗಲು ಏಳರಷ್ಟಕ್ಕಿಂತ ತುಸು ಹೆಚ್ಚೇ ಬೇಕಾದೀತೆಂದು ಕಂಡುಬಂದಿತು. ವಾರದ ತಳದಲ್ಲಿ ದೇಹಕ್ಕೆ ಕೊರತೆ ತಟ್ಟುವುದುಂಟು. ನನಗೆ ತೋರುವಂತೆ, ನೆನಪಿಟ್ಟು ನುಂಗಬಲ್ಲವನು ದಿನದ ಗುಳಿಗೆಯನ್ನು ಬಿಡಲು ಕಾರಣವಿಲ್ಲ. ಒಂದು ದಿನ ತಪ್ಪಿದರೆ ಮೇಲಿನ ೯೬೦ ಸುಮಾರು ೮೭೦ಕ್ಕೆ ಇಳಿಯುವುದಷ್ಟೆ, ಗಾಬರಿಪಡಬೇಕಾದುದಿಲ್ಲ. ತಿಂಗಳುಗಟ್ಟಲೆ ಮರೆಯುವವರಿಗೆ, ವೈದ್ಯರ ಅಥವಾ ದಾದಿಯರ ಕಣ್ಣೆದುರಿನಲ್ಲಿಯೇ ವಾರಕ್ಕೊಮ್ಮೆ ಕೊಡುವ ಕ್ರಮ ಉಪಕಾರಿಯಾಗಿದೆ. ಹೃದ್ರೋಗಿಗಳ ವಿಷಯ ಬೇರೆ: ಏರುವ ಹಾರ್ಮೋನು ಹೃದಯವನ್ನು ದುಡಿಸುವುದರಿಂದ ಅವರಿಗೆ ಶಿಖರವೇ ಅಪಾಯಕರ. ಗರ್ಭಿಣಿಯರಲ್ಲಿಯೂ ಎಳೆಯ ಶಿಶುಗಳಲ್ಲಿಯೂ ಭಯವಿರುವುದು ತಳದಲ್ಲಿ. ಬೆಳೆಯುತ್ತಿರುವ ಮಿದುಳಿಗೆ ಕೆಲವು ದಿನಗಳ ಕೊರತೆಯೂ ಬೇಡವೆಂದು ಅವರಿಗೆ ದಿನವೂ ಮದ್ದು ಕೊಡುತ್ತಾರೆ.