ವಾಹನ ತೊಳೆಯಲು ಶುದ್ಧೀಕರಿಸಿದ ನೀರು

ಬಿಸಿಲಿನಲ್ಲಿ ತೊಳೆದ ಕಾರಿನ ಮೇಲೆ ನೀರು ಆರಿದೊಡನೆ ಬಿಳಿಯ ಕಲೆಗಳು ಮೂಡುವುದುಂಟು. ಇವು ಕೊಳೆಯಲ್ಲ, ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದವುಗಳ ಲವಣಗಳು. ನೀರು ಆವಿಯಾದರೂ ಲವಣ ಆವಿಯಾಗದು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಘನಪದಾರ್ಥಗಳು ಸ್ವೀಕಾರಾರ್ಹ. ಅಂತಹ 10 ಲೀಟರ್ ನೀರು ಪೂರ್ಣವಾಗಿ ಆರಿದರೆ ಸುಮಾರು 5 ಗ್ರಾಂ ಶೇಷ ಉಳಿಯಬಲ್ಲದು. ಗಡಸು ನೀರಿನ ಕಲೆಗಳು ಬಹುಕಾಲ ಉಳಿದರೆ ಬಣ್ಣದ ಹೊಳಪು ಕುಂದುತ್ತದೆ.

ಲವಣ ನೀಗಿಸಿದ ನೀರು ಇಂತಹ ಕಲೆಯನ್ನು ಬಿಡುವುದಿಲ್ಲ. ಆದರೆ ಇಡೀ ವಾಹನವನ್ನು ಅದರಿಂದಲೇ ತೊಳೆಯಬೇಕಾಗಿಲ್ಲ. ಕೊನೆಯ ಬಾರಿ ಮೈ ತೊಳೆಯಲು ಬಳಸಿದರೆ ಸಾಕು. ರಿವರ್ಸ್ ಆಸ್ಮೋಸಿಸ್ ಯಂತ್ರವು ಶುದ್ಧ ನೀರಿನೊಡನೆ ಲವಣ ಸಾಂದ್ರಗೊಂಡ ನೀರನ್ನೂ ಹೊರಬಿಡುತ್ತದೆ. ಆ ನೀರು ನೆಲ ಒರೆಸಲು, ಶೌಚಾಲಯಕ್ಕೆ ಉಪಯುಕ್ತ; ಕಾರಿನ ಕೊನೆಯ ತೊಳೆತಕ್ಕೆ ಸಲ್ಲದು.

ಮಳೆಯ ನೀರಿನಲ್ಲಿ ಲವಣಾಂಶ ಸಹಜವಾಗಿಯೇ ಅತ್ಯಲ್ಪ. ಮೊದಲ ಮಳೆಯಲ್ಲಿ ಧೂಳು ಕೊಚ್ಚಿಹೋದ ನಂತರ ಶುಚಿಯಾದ ಛಾವಣಿಯಿಂದ ಸಂಗ್ರಹಿಸಿ, ಸೋಸಿದ ನೀರು ಈ ಕಾರ್ಯಕ್ಕೆ ಯೋಗ್ಯ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಪಡಿಸಿತು. ನೀರಿನ ಅಭಾವವಿರುವ ಯಾವ ನಗರಕ್ಕೂ ಈ ಎಚ್ಚರ ಸಲ್ಲುತ್ತದೆ. ಕೊಳಾಯಿಗೆ ಜೋಡಿಸಿದ ರಬ್ಬರ್ ಕೊಳವೆಯ ಬದಲು ಬಕೆಟ್ ಬಳಸಿ, ನೆರಳಿನಲ್ಲಿ ವಾಹನವನ್ನು ತೊಳೆದು, ನೀರು ಆರುವ ಮೊದಲೇ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ, ಶುದ್ಧೀಕರಿಸಿದ ನೀರಿಲ್ಲದಿದ್ದರೂ ಕಲೆಗಳನ್ನು ಬಹುಮಟ್ಟಿಗೆ ತಡೆಯಬಹುದು.