ಗಣಕಯಂತ್ರದ ಪಾಠವೂ ಉಪಾಧ್ಯಾಯರ ಪ್ರಶ್ನೆಯೂ

ಬೋಧನೆಯೆಂಬುದು ಮೂಲತಃ ಪ್ರಶ್ನೋತ್ತರ ರೂಪವಾದ ವ್ಯವಹಾರ. ವಿದ್ಯಾರ್ಥಿಯು ಉತ್ತರಿಸಬೇಕು, ಆ ಉತ್ತರವನ್ನು ನೋಡಿ ಉಪಾಧ್ಯಾಯರು ಮುಂದಿನ ಹೆಜ್ಜೆಯನ್ನು ನಿರ್ಧರಿಸಬೇಕು. ಐವತ್ತು ಅರವತ್ತು ಮಕ್ಕಳಿರುವ ತರಗತಿಯಲ್ಲಿ ಇದು ಪ್ರತಿಯೊಬ್ಬರ ವಿಷಯದಲ್ಲಿಯೂ ನಡೆಯುವುದು ದುಸ್ಸಾಧ್ಯ. ಈ ಕೊರತೆಯನ್ನು ಯಂತ್ರದ ನೆರವಿನಿಂದ ತುಂಬುವ ಪ್ರಯತ್ನಕ್ಕೆ ಸುಮಾರು ನೂರು ವರ್ಷಗಳ ಇತಿಹಾಸವಿದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಸಿಡ್ನಿ ಪ್ರೆಸ್ಸಿಯವರು 1920ರ ದಶಕದಲ್ಲಿಯೇ ಪ್ರಶ್ನೆ ಕೇಳಿ ಉತ್ತರವನ್ನು ಪರೀಕ್ಷಿಸುವ ಯಂತ್ರವೊಂದನ್ನು ರಚಿಸಿದರು. 1950ರ ದಶಕದಲ್ಲಿ ಬಿ. ಎಫ್. ಸ್ಕಿನ್ನರ್ ಅವರು ಪಾಠವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಉತ್ತರದ ಸರಿತಪ್ಪನ್ನು ಒಡನೆಯೇ ತಿಳಿಸುವ ಬೋಧನಾಯಂತ್ರಗಳನ್ನು ಪ್ರಚುರಪಡಿಸಿದರು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್ ಅವರ ನೇತೃತ್ವದಲ್ಲಿ 'ಪ್ಲೇಟೊ' ಎಂಬ ಗಣಕ ವ್ಯವಸ್ಥೆ ಆರಂಭವಾಯಿತು. 1967ರಲ್ಲಿ ಪಾಲ್ ಟೆನ್ಸರ್ ಅವರು ಅದಕ್ಕಾಗಿ 'ಟ್ಯೂಟರ್' ಎಂಬ ಭಾಷೆಯನ್ನು ರೂಪಿಸಿದರು. ಗಣಕತಜ್ಞರಲ್ಲದ ಅಧ್ಯಾಪಕರೂ ತಮ್ಮ ಪಾಠವನ್ನು ತಾವೇ ರಚಿಸಲು ಅದರಿಂದ ಸಾಧ್ಯವಾಯಿತು. ಪಾಠದ ಕರ್ತೃತ್ವ ಯಂತ್ರ ನಿರ್ಮಾಪಕನಲ್ಲಿರದೆ ಉಪಾಧ್ಯಾಯರ ಕೈಯಲ್ಲಿರಬೇಕೆಂಬ ಈ ವಿಚಾರವು ಇಂದಿಗೂ ಮನನಯೋಗ್ಯವಾದುದು.

ಈ ಪರಂಪರೆಯಲ್ಲಿ ಗಣಿತೋಪಾಧ್ಯಾಯರಿಗೆ ಅತ್ಯಂತ ಉಪಯುಕ್ತವಾದ ತಂತ್ರಾಂಶಗಳಲ್ಲೊಂದು 'ಜಿಯೋಜೀಬ್ರಾ'. ಮಾರ್ಕಸ್ ಹೊಹೆನ್‌ವಾರ್ಟರ್ ಅವರು 2001ರಲ್ಲಿ ಆಸ್ಟ್ರಿಯದ ಸಾಲ್ಜ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಇದನ್ನು ಆರಂಭಿಸಿದರು. ಕರಿಹಲಗೆಯ ಮೇಲೆ ಎಳೆದ ಚತುರ್ಭುಜವು ಆ ಒಂದು ಚತುರ್ಭುಜವಾಗಿಯೇ ಉಳಿಯುತ್ತದೆ. ತೆರೆಯ ಮೇಲಿನ ಚತುರ್ಭುಜದ ಶೃಂಗವನ್ನು ಹಿಡಿದೆಳೆದರೆ ಕ್ಷಣಾರ್ಧದಲ್ಲಿ ನೂರಾರು ಆಕೃತಿಗಳು ಮೂಡುತ್ತವೆ. 'ಯಾವುದೇ ಚತುರ್ಭುಜದಲ್ಲಿ' ಎಂಬ ಮಾತಿನ ಅರ್ಥವು ಕಣ್ಣಿಗೆ ಗೋಚರವಾಗುತ್ತದೆ.

ಒಂದು ಪಾಠವನ್ನು ಉದಾಹರಿಸಬಹುದು. ಚತುರ್ಭುಜದ ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಕ್ರಮವಾಗಿ ಸೇರಿಸಿದರೆ ಸಮಾಂತರ ಚತುರ್ಭುಜ ದೊರೆಯುತ್ತದೆ. 1731ರಲ್ಲಿ ಪ್ರಕಟವಾದ ಈ ಪ್ರಮೇಯವು ಫ್ರೆಂಚ್ ಗಣಿತಜ್ಞ ವಾರಿನ್ಯೋನ್ ಅವರ ಹೆಸರಿನಲ್ಲಿದೆ. ಮೊದಲು ಪ್ರತಿ ವಿದ್ಯಾರ್ಥಿಯೂ ತನ್ನ ಪುಸ್ತಕದಲ್ಲಿ ತನಗೆ ತೋಚಿದ ಚತುರ್ಭುಜವನ್ನು ಎಳೆದು, ಮಧ್ಯಬಿಂದುಗಳನ್ನು ಅಳೆದು ಸೇರಿಸಲಿ. ಅನಂತರ ನೆರೆಯವನ ಚಿತ್ರದೊಡನೆ ಹೋಲಿಸಿ, ತನ್ನ ಊಹೆಯನ್ನು ಬರೆದಿಡಲಿ. ಆ ಮೇಲೆಯೇ ಉಪಾಧ್ಯಾಯರು ತೆರೆಯ ಮೇಲಿನ ಶೃಂಗವನ್ನು ಚಲಿಸಬೇಕು. ಚತುರ್ಭುಜ ಉದ್ದವಾಗಲಿ, ಓರೆಯಾಗಲಿ, ಒಂದು ಮೂಲೆ ಒಳಕ್ಕೆ ಬಾಗಲಿ, ಒಳಗಿನ ಆಕೃತಿ ಸಮಾಂತರ ಚತುರ್ಭುಜವಾಗಿಯೇ ನಿಲ್ಲುವುದನ್ನು ತರಗತಿ ಕಾಣುತ್ತದೆ.

ಆದರೆ ಪಾಠವು ಇಲ್ಲಿಗೆ ಮುಗಿಯಿತೆಂದು ಭಾವಿಸುವುದೇ ದೊಡ್ಡ ಅಪಾಯ. ನೂರು ಆಕೃತಿಗಳಲ್ಲಿ ಕಂಡುದು ನೂರೊಂದನೆಯದರಲ್ಲಿಯೂ ಏಕೆ ಕಾಣಬೇಕು? ಈ ಪ್ರಶ್ನೆಯನ್ನು ಯಂತ್ರವು ತಾನಾಗಿ ಕೇಳಲಾರದು. ಉಪಾಧ್ಯಾಯರು ಇಲ್ಲಿ ಚಲನೆಯನ್ನು ನಿಲ್ಲಿಸಿ, ಒಂದು ಕರ್ಣವನ್ನು ಎಳೆಯಬೇಕು. ಎರಡು ತ್ರಿಭುಜಗಳು ದೊರೆಯುತ್ತವೆ. ತ್ರಿಭುಜದ ಎರಡು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ರೇಖೆಯು ಮೂರನೆಯ ಬಾಹುವಿಗೆ ಸಮಾಂತರವೂ ಅದರ ಅರ್ಧದಷ್ಟೂ ಆಗಿರುತ್ತದೆಂಬುದನ್ನು ಮಕ್ಕಳು ಬಲ್ಲರು. ಆದುದರಿಂದ ಒಳಗಿನ ಆಕೃತಿಯ ಎದುರು ಬದುರಿನ ಎರಡು ಬಾಹುಗಳೂ ಅದೇ ಕರ್ಣಕ್ಕೆ ಸಮಾಂತರ, ಅದರ ಅರ್ಧಕ್ಕೆ ಸಮ. ಎಂದಮೇಲೆ ಅವು ಪರಸ್ಪರ ಸಮಾಂತರ ಮತ್ತು ಸಮ. ಕಂಡ ಸಂಗತಿಗೆ ಹೀಗೆ ಕಾರಣ ದೊರೆತಾಗಲೇ ಅದು ಗಣಿತವಾಗುತ್ತದೆ. ಬಳಿಕ, ಒಳಗಿನ ಆಕೃತಿ ಆಯತವಾಗುವುದು ಯಾವಾಗ, ವಜ್ರಾಕೃತಿಯಾಗುವುದು ಯಾವಾಗ ಎಂದು ಕೇಳಿದರೆ, ಕರ್ಣಗಳು ಲಂಬವಾಗಿರುವಾಗ, ಸಮವಾಗಿರುವಾಗ ಎಂಬ ಉತ್ತರಗಳನ್ನು ಮಕ್ಕಳೇ ಹುಡುಕಿಕೊಳ್ಳುವರು.

ಇಂತಹ ಪಾಠಕ್ಕೆ ಪ್ರತಿ ಮಗುವಿಗೊಂದು ಗಣಕ ಬೇಕಿಲ್ಲ. ಒಂದು ಯಂತ್ರ, ಒಂದು ತೆರೆ ಸಾಕು. ಅನುಸ್ಥಾಪಿಸಿಕೊಂಡ ತಂತ್ರಾಂಶವು ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ವಿದ್ಯುತ್ತು ಕೈಕೊಟ್ಟರೂ ಮಕ್ಕಳ ಪುಸ್ತಕದ ಚಿತ್ರಗಳು ಉಳಿದಿರುತ್ತವೆ. ಬೇಕಾದುದು ಉಪಾಧ್ಯಾಯರ ಪೂರ್ವಸಿದ್ಧತೆ: ಎಲ್ಲಿ ಚಲಿಸಬೇಕು, ಎಲ್ಲಿ ನಿಲ್ಲಬೇಕು, ಯಾವ ಪ್ರಶ್ನೆ ಕೇಳಬೇಕು ಎಂಬುದರ ಮುಂಚಿತವಾದ ಚಿಂತನೆ. ನಲವತ್ತು ನಿಮಿಷದ ಪಾಠಕ್ಕೆ ಕೆಲವು ಗಂಟೆಗಳ ಸಿದ್ಧತೆ ಬೇಕಾದೀತು.

ಶಾಲೆಗಳಿಗೆ ಗಣಕಯಂತ್ರಗಳನ್ನು ದಾನವಾಗಿತ್ತ ಮಹನೀಯರ ಔದಾರ್ಯ ಸ್ತುತ್ಯರ್ಹವಾದುದು. ಹಳೆಯ ವಿದ್ಯಾರ್ಥಿಗಳಲ್ಲಿ ತಂತ್ರಜ್ಞರೂ ಹಲವರಿದ್ದಾರೆ. ಅವರೆಲ್ಲರಲ್ಲಿ ನಮ್ಮದೊಂದು ವಿಜ್ಞಾಪನೆ: ಯಂತ್ರದೊಡನೆ ಉಪಾಧ್ಯಾಯರ ತರಬೇತಿಗೂ ಸಿದ್ಧತೆಯ ವೇಳೆಗೂ ನೆರವು ದೊರೆಯಲಿ. ಇತ್ತ ಉಪಾಧ್ಯಾಯ ಬಾಂಧವರು ತಾವು ರೂಪಿಸಿದ ಪಾಠಗಳನ್ನು, ಕೇಳಿದ ಪ್ರಶ್ನೆಗಳನ್ನು, ಮಕ್ಕಳು ಕೊಟ್ಟ ಅನಿರೀಕ್ಷಿತ ಉತ್ತರಗಳನ್ನು ಬರೆದಿಟ್ಟು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿದರೆ, ಮುಂದೆ ಬರುವ ಉಪಾಧ್ಯಾಯರಿಗೆ ಅದು ಯಂತ್ರಕ್ಕಿಂತ ಹೆಚ್ಚು ಕಾಲ ಬಾಳುವ ಆಸ್ತಿಯಾಗುವುದು.